ಕಾಗ್‌ಬೇನಿಯಲ್ಲಿ ಬಿಟ್ಟ ಸ್ಟೆಪ್ನಿ

ತರೀಕೆರೆ, ತಾರಸಿಯ ಮೇಲೆ

ಅಕ್ಕನ ಫೋನು ಬಂದಾಗ ನಾನು ಅಕ್ಕಿ ಸಂಡಿಗೆ ಇಡುತ್ತಿದ್ದೆ. ಹಳೆಯ ಪಂಚೆಯೊಂದನ್ನು ತಾರಸಿಯ ಮೇಲೆ ಹಾಸಿ, ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ನಾಲ್ಕು ಟೈರ್ ತುಂಡು ಇಟ್ಟಿದ್ದೆ. ಬೇರೆಯವರ ಮನೆಯಲ್ಲಿ ಇದಕ್ಕೆ ಕಲ್ಲು ಇಡುತ್ತಾರೆ. ನಮ್ಮದು ಟೈರಂಗಡಿಯವರ ಮನೆ. ಕೆಮ್ಮಣ್ಣುಗುಂಡಿಗೆ ಜನರನ್ನು ಹೊತ್ತು ಹತ್ತುವ ಜೀಪುಗಳೆಲ್ಲ ಟೈರ್ ಬದಲಿಸಲು ನಮ್ಮ ಯಜಮಾನರ ಹತ್ತಿರವೇ ಬರುತ್ತವೆ. ಹಾಗಾಗಿ ನಮ್ಮಲ್ಲಿ ಹೂವಿನ ಕುಂಡದ ಕೆಳಗೂ ಟೈರು, ಸಂಡಿಗೆ ಬಟ್ಟೆಯ ಮೇಲೂ ಟೈರು.

"ವಿಶಾಲೂ, ಏನ್ ಮಾಡ್ತಿದೀಯೇ?"

"ಸಂಡಿಗೆ ಇಡ್ತಿದೀನಿ ಅಕ್ಕ."

"ಅದನ್ನ ಬಂದ್ಮೇಲೆ ಇಡು. ನೇಪಾಳಕ್ಕೆ ಬತ್ತೀಯಾ?"

ಸುಮಂಗಲಕ್ಕ ನಮ್ಮ ಯಜಮಾನರ ಅಕ್ಕ, ಕಡೂರಿಗೆ ಕೊಟ್ಟಿರುವುದು. ನನಗೂ ಅಕ್ಕನೇ. ಅವರೂ ಅವರ ಯಜಮಾನರೂ ಸೊಸೆಯನ್ನು ಕರೆದುಕೊಂಡು ಪಶುಪತಿನಾಥ, ಮುಕ್ತಿನಾಥ ನೋಡಿ ಬರಲು ಆರು ತಿಂಗಳಿಂದ ಏರ್ಪಾಡು ಮಾಡಿಕೊಂಡಿದ್ದರು. "ಸೊಸೆಗೆ ರಜಾ ಸಿಗ್ಲಿಲ್ಲ ಕಣೇ. ಒಂದು ಜಾಗ ಖಾಲಿ ಐತೆ. ಶಿವ ನಿನ್ ಹೆಸ್ರು ಬರೆದವ್ನೆ, ಇಲ್ಲ ಅನ್ಬೇಡ" ಅಂದರು. ನಾನು ಹೂಂ ಅನ್ನುವ ಹೊತ್ತಿಗೆ ಸೌಟಿನಲ್ಲಿದ್ದ ಹಿಟ್ಟು ಗಟ್ಟಿಯಾಗಿತ್ತು.

ನಾನು ಹುಟ್ಟಿದ್ದು ಅಜ್ಜಂಪುರದಲ್ಲಿ, ಸೇರಿದ್ದು ತರೀಕೆರೆಗೆ, ಹಬ್ಬ ಹುಣ್ಣಿಮೆಗೆ ಹೋಗುವುದು ಕಡೂರಿಗೆ. ಅದರಾಚೆ ಧರ್ಮಸ್ಥಳ, ಒಂದು ಸಲ ಶ್ರೀಶೈಲ. ಅಂಥವಳು ಹೊರದೇಶಕ್ಕೆ ಹೋಗಿ ಬಂದೆ. ಆ ಕಥೆಯನ್ನು ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದು ಸಂಗತಿಯನ್ನು ನುಂಗಿಕೊಂಡು ಹೇಳಿದ್ದೇನೆ. ಇಲ್ಲಿ ನುಂಗುವುದಿಲ್ಲ.

ಹೊರಡುವ ಹಿಂದಿನ ದಿನ ಯಜಮಾನರು ನನ್ನನ್ನು ಅಂಗಡಿಗೆ ಕರೆಸಿ ಪಾಠ ಮಾಡಿದರು.

"ಜೀಪ್ ಹತ್ತೋ ಮುಂಚೆ ಹಿಂದ್ಗಡೆ ಹೋಗಿ ಸ್ಟೆಪ್ನಿ ನೋಡು. ಐತಾ, ಗಾಳಿ ಐತಾ, ನಾಲ್ಕು ಚಕ್ರದ ಸೈಜೇ ಐತಾ. ಮೂರೂ ನೋಡಿ ಆಮೇಲೆ ಶಿವನ ಹೆಸ್ರು ಹೇಳು."

"ಮೊದ್ಲು ಶಿವನ ಹೆಸ್ರು" ಅಂದೆ.

"ಶಿವ ಬೇಜಾರ್ ಮಾಡ್ಕೊಳ್ಳಲ್ಲ ಕಣೇ. ಸ್ಟೆಪ್ನಿ ಮಾಡ್ಕೊಂತದೆ."

ಅಂಗಡಿ ಮುಂದೆ ನಿಂತಿದ್ದ ಜೀಪಿನವರೆಲ್ಲ ನಕ್ಕರು. ನಾನೂ ನಕ್ಕೆ.

ಗಡಿ

ರೈಲಿನಲ್ಲಿ ಎರಡು ದಿನಕ್ಕೂ ಮೇಲೆ. ಅಕ್ಕ ಕಿಟಕಿ ಪಕ್ಕ, ಭಾವನವರು ಮೇಲಿನ ಬರ್ತು, ನಾನು ನನ್ನ ಗಂಟುಗಳ ನಡುವೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ನಿಪ್ಪಟ್ಟು, ಪೂಜೆಯ ಬುಟ್ಟಿ. ಇವುಗಳ ಜೊತೆಗೆ ಒಂದೇ ಹಗ್ಗಕ್ಕೆ ಪೋಣಿಸಿದ ಐದು ಖಾಲಿ ಕ್ಯಾನು. ನಮ್ಮಲ್ಲಿ ಯಾರೇ ಕ್ಷೇತ್ರಕ್ಕೆ ಹೋದರೂ ಬೀದಿಗೆಲ್ಲ ತೀರ್ಥ ತಂದು ಹಂಚಬೇಕು. ಹೊರಡುವ ದಿನ ಒಬ್ಬೊಬ್ಬರೂ ಬಾಗಿಲಿಗೆ ಬಂದು ನೆನಪಿಸಿ ಹೋಗಿದ್ದರು.

ಗಡಿಯಲ್ಲಿ ಮತದಾರರ ಚೀಟಿ ತೋರಿಸಿ ಒಂದು ಕಮಾನಿನ ಕೆಳಗೆ ನಡೆದೆವು. ಅಷ್ಟೇ, ವಿದೇಶ. ಆ ಕಡೆಗೂ ಅದೇ ಧೂಳು, ಅದೇ ಸೈಕಲ್ ರಿಕ್ಷಾ. ಭಾವನವರು ಹೈಸ್ಕೂಲು ಹೆಡ್ ಮೇಷ್ಟ್ರಾಗಿ ನಿವೃತ್ತರಾದವರು, ಗಡಿಯಾರದ ಮನುಷ್ಯ. ನಿಂತಲ್ಲೇ ಕೈಗಡಿಯಾರದ ಮುಳ್ಳನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿದರು. "ನೇಪಾಳ ನಮಗಿಂತ ಕಾಲು ಗಂಟೆ ಮುಂದು" ಅಂದರು. ಅಕ್ಕ ಕೇಳಿದರು: "ಆ ಕಾಲು ಗಂಟೇಲಿ ನಮ್ ವಯಸ್ಸೂ ಜಾಸ್ತಿ ಆಯ್ತಾ ಹಂಗಾದ್ರೆ?"

ನನಗೊಂದು ಅಭ್ಯಾಸ. ಮಲಗುವ ಮುಂಚೆ ಅಂದಿನ ಸಣ್ಣಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತೇನೆ. ಆ ರಾತ್ರಿ ಎಣಿಸಿದ್ದು ನೆನಪಿದೆ. ರೊಟ್ಟಿ ಮುರಿದಿಲ್ಲ, ಒಂದು. ಅಕ್ಕನ ಕಾಲು ಊದಿಲ್ಲ, ಎರಡು. ಪೂಜೆಯ ಬುಟ್ಟಿ ಮಗುಚಿಲ್ಲ, ಮೂರು. ಪಶುಪತಿನಾಥನ ದರ್ಶನವಾದ ದಿನವಂತೂ ಎರಡು ಕೈಯ ಗೆಣ್ಣೂ ಸಾಲಲಿಲ್ಲ.

ಪೊಖರಾ

ಮುಕ್ತಿನಾಥದ ದಾರಿಗೆ ಜೀಪು ಗೊತ್ತು ಮಾಡಿದ್ದು ಪೊಖರಾದಲ್ಲಿ. ಡ್ರೈವರ್ ಹೆಸರು ತಿಲಕ್, ನಲವತ್ತು ದಾಟಿದವನು, ಮೀಸೆಯಲ್ಲಿ ಬಿಳಿ. ನಾವು ನಮ್ಮನಮ್ಮಲ್ಲೇ ಮಾತಾಡುವುದನ್ನು ಕೇಳಿಸಿಕೊಂಡು ತಿರುಗಿ ನೋಡಿದ.

"ಅಮ್ಮ, ಕನ್ನಡನಾ? ನಾನು ಹಾಸನದಲ್ಲಿ ಮೂರು ವರ್ಷ ಬೇಕರಿ ಕೆಲಸ. ಖಾರಾ ಬನ್ ನಾನೇ ಮಾಡೋದು."

ಹಿಮಾಲಯದ ಬುಡದಲ್ಲಿ ಖಾರಾ ಬನ್ ಅನ್ನುವ ಮಾತು ಕೇಳಿ ಅಕ್ಕನ ಕಣ್ಣಲ್ಲಿ ನೀರು ಬಂತು. "ನೋಡೇ, ಶಿವ ನಮ್ ಭಾಷೆಯೋನ್ನೇ ಕಳ್ಸವ್ನೆ" ಅಂದರು.

ನಾನು ಹಿಂದುಗಡೆ ಹೋಗಿ ಸ್ಟೆಪ್ನಿ ನೋಡಿದೆ. ಹೌದು, ನೋಡಿದೆ. ಜೀಪಿನ ಹೊಟ್ಟೆಯ ಕೆಳಗೆ ಅದರ ಜಾಗ ಖಾಲಿಯಿತ್ತು. ಟೈರು ಒಳಗೆ, ಸಾಮಾನಿಡುವ ಕಡೆ, ಗೋಣಿಚೀಲದ ಮೇಲೆ ಮಲಗಿತ್ತು.

"ಕೆಳಗೆ ಹಾಕೋ ಜಾಗ ಬಿಟ್ಟು ಒಳಗ್ಯಾಕಪ್ಪಾ?"

"ಕಂಪನಿ ಟೈರ್ ಚಿಕ್ಕದು ಅಮ್ಮ. ಇಲ್ಲಿ ಕಲ್ಲು, ಹೊಳೆ. ಹೊಟ್ಟೆ ತಾಗುತ್ತೆ. ಅದಕ್ಕೆ ದೊಡ್ಡದು ಹಾಕಿದೀನಿ. ದೊಡ್ಡದು ಕೆಳಗೆ ಹಿಡಿಯಲ್ಲ."

ನಾನು ಬಗ್ಗಿ ಟೈರಿನ ಪಕ್ಕದಲ್ಲಿದ್ದ ಅಂಕಿಯನ್ನು ಗಟ್ಟಿಯಾಗಿ ಓದಿದೆ. ಇನ್ನೂರ ಮೂವತ್ತೈದು, ಎಪ್ಪತ್ತೈದು, ಹದಿನೈದು. ಮೊದಲನೆಯದು ಅಗಲ, ಎರಡನೆಯದು ಆ ಅಗಲಕ್ಕೆ ತಕ್ಕ ಪಕ್ಕದ ಎತ್ತರ, ಕೊನೆಯದು ಒಳಗಿನ ರಿಮ್ಮು. ಕಂಪನಿಯಿಂದ ಬಂದಿದ್ದು ಇನ್ನೂರ ಹದಿನೈದು ಇರಬೇಕು ಅಂದೆ. ತಿಲಕ್ ಬಾಯಿ ತೆರೆದು ನಿಂತ.

"ಹಳೇ ಚಿಕ್ಕ ಟೈರನ್ನೇ ಸ್ಟೆಪ್ನಿ ಮಾಡ್ಕೊಂಡ್ರೆ ಕೆಳಗೆ ಹಿಡೀತಿತ್ತಲ್ಲಾ?" ಎಂದು ಅವನನ್ನು ಪರೀಕ್ಷೆ ಮಾಡಿದೆ.

"ಅಯ್ಯೋ ಇಲ್ಲ ಅಮ್ಮ. ಮೂರು ಚಕ್ರ ಉದ್ದ, ಒಂದು ಗಿಡ್ಡ. ನಾಲ್ಕು ಚಕ್ರ ಒಟ್ಟಿಗೆ ಎಳೆಯುವಾಗ ಗೇರ್ ಹೋಗುತ್ತೆ. ಇಳಿಜಾರಲ್ಲಿ ಒಂದು ಕಡೆ ಎಳೆಯುತ್ತೆ."

ಸರಿಯಾದ ಉತ್ತರ. ನಮ್ಮ ಯಜಮಾನರು ಇದನ್ನೇ ಗಿರಾಕಿಗಳಿಗೆ ಬೇರೆ ರೀತಿ ಹೇಳುತ್ತಾರೆ: "ಒಂದ್ ಕಾಲಿಗೆ ಏಳನೇ ನಂಬರ್ ಚಪ್ಲಿ, ಇನ್ನೊಂದಕ್ಕೆ ಒಂಬತ್ತು ಹಾಕ್ಕೊಂಡು ಬೆಟ್ಟ ಹತ್ತು, ನೋಡಾನ." ಅದನ್ನೂ ಹೇಳಿದೆ. ತಿಲಕ್ ನಕ್ಕು, "ಅಮ್ಮ ಮೆಕ್ಯಾನಿಕ್ಕು!" ಅಂದ.

ಆ ಮಾತು ನನ್ನ ತಲೆಗೆ ಹತ್ತಿತು. ಮೂವತ್ತು ವರ್ಷ ಟೈರಂಗಡಿಯವನ ಹೆಂಡತಿಯಾಗಿದ್ದರೂ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ದಾರಿಯುದ್ದಕ್ಕೂ ನಾನು ಟೈರಿನ ವಿಷಯವನ್ನೇ ಮಾತಾಡಿದೆ. ಕಡೆಗೆ ಅಕ್ಕ, "ಆ ಬೆಟ್ಟಾನಾದ್ರೂ ನೋಡೇ ತಾಯಿ" ಅಂದರು.

ಕಾಗ್‌ಬೇನಿ

ದಾರಿ ಎಂದರೆ ಹೊಳೆಯೇ ದಾರಿ. ಕೆಮ್ಮಣ್ಣುಗುಂಡಿಯ ತಿರುವುಗಳಿಗೆ ಹೆದರುವವರನ್ನು ಇಲ್ಲಿ ತಂದು ಕೂರಿಸಬೇಕು. ನಮ್ಮ ಬೆಟ್ಟದಲ್ಲಿ ಬಿದ್ದರೂ ಒಂದು ಮರ ಹಿಡಿದುಕೊಳ್ಳುತ್ತದೆ. ಇಲ್ಲಿ ಮರವೇ ಇಲ್ಲ, ಬೂದಿ ಬಣ್ಣದ ಬೋಳು ಗೋಡೆಗಳು. ಜನ ಮಾತ್ರ ತುಂಬ ಮೃದು. ಒಂದು ಜೀಪು ದಾರಿಯಲ್ಲಿ ನಿಂತಿದ್ದರೆ ಇನ್ನೊಂದು ಜೀಪು ಕೇಳದೆ ಮುಂದೆ ಹೋಗುವುದಿಲ್ಲ. ನಮ್ಮ ಬಿ.ಎಚ್. ರೋಡಿನಲ್ಲಿ ಕೈ ಅಡ್ಡ ಹಿಡಿದರೂ ಯಾರು ನಿಲ್ಲಿಸುತ್ತಾರೆ?

ಒಂದು ರಾತ್ರಿ ಜೋಮ್‌ಸೋಮ್‌ನಲ್ಲಿ ತಂಗಿ, ಮಾರನೇ ಬೆಳಿಗ್ಗೆ ಕಾಗ್‌ಬೇನಿ ಎಂಬ ಊರಿನ ಟೀ ಅಂಗಡಿಯಲ್ಲಿ ನಿಂತೆವು. ಅಂಗಡಿಯಾಕೆ ಲೋಟ ಖಾಲಿಯಾಗಲು ಬಿಡಳು. ಒಂದು ಗುಟುಕು ಕುಡಿದರೆ ಒಂದು ಗುಟುಕು ತುಂಬುವಳು. ಸಾಕು ಅಂದರೆ ಸಂಕೋಚ ಎಂದುಕೊಳ್ಳುವಳು. ಲೋಟದ ಮೇಲೆ ಅಂಗೈ ಮುಚ್ಚಬೇಕು ಎಂದು ತಿಲಕ್ ಹೇಳಿಕೊಡುವ ಹೊತ್ತಿಗೆ ಭಾವನವರು ಆರು ಲೋಟ ಮುಗಿಸಿದ್ದರು.

ಅವರಿಬ್ಬರೂ ಒಳಗೆ ಒಲೆಯ ಮುಂದೆ ಕೂತಿದ್ದಾಗ ನಾನು ರೊಟ್ಟಿ ತರಲು ಜೀಪಿನ ಹಿಂಬಾಗಿಲು ತೆಗೆದೆ. ಕುಲುಕಾಟದಲ್ಲಿ ಸ್ಟೆಪ್ನಿ ಜರುಗಿ ರೊಟ್ಟಿಯ ಗಂಟಿನ ಮೇಲೆ ಒರಗಿತ್ತು. ಬಿಳಿ ಬಟ್ಟೆಯ ಮೇಲೆ ಕಪ್ಪು ಗುರುತು. ಪೂಜೆಯ ಬುಟ್ಟಿಗೂ ಅದರ ಅಂಚು ತಾಗಿತ್ತು. ಬಗ್ಗಿದರೆ ರಬ್ಬರ್ ವಾಸನೆ.

"ತಿಲಕ್, ಇದನ್ನ ಇಲ್ಲಿಂದ ತೆಗೆಯಪ್ಪಾ. ಏನೇನು ತುಳಿದಿರ್ತದೋ ಏನೋ. ದೇವರ ಬುಟ್ಟಿ ಪಕ್ಕ ಇಡೋ ಸಾಮಾನಾ ಇದು?"

"ಬೇರೆ ಜಾಗ ಇಲ್ಲ ಅಮ್ಮ. ಮೇಲೆ ಕ್ಯಾರಿಯರ್ ಮುರಿದಿದೆ."

"ಹಂಗಾದ್ರೆ ಇಲ್ಲೇ ಅಂಗಡೀಲಿ ಬಿಡು. ನಾಳೆ ಬರ್ತಾ ತಗೊಳ್ಳಾನ. ಅಷ್ಟೊತ್ತಿಗೆ ರೊಟ್ಟಿ ಮುಗ್ದು ಜಾಗ ಆಗಿರ್ತದೆ."

"ಸ್ಟೆಪ್ನಿ ಬೇಕು ಅಮ್ಮ. ದಾರಿ ಸರಿ ಇಲ್ಲ."

ಆಗ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ನಂಗೇ ಹೇಳ್ಕೊಡ್ತೀಯೇನೋ ಟೈರ್ ವಿಷ್ಯ? ನಾನು ನೋಡಿದೀನಿ. ನಾಲ್ಕೂ ಹೊಸಾವು, ಹಲ್ಲು ಹಂಗೇ ಐತೆ. ಈ ಟೈರಿಗೆ ಏನೂ ಆಗಲ್ಲ. ಒಂದ್ ದಿನದ ಮಾತು."

ಅವನು ಸ್ವಲ್ಪ ಹೊತ್ತು ಟೈರನ್ನು ನೋಡಿದ. ಆಮೇಲೆ, "ಅಮ್ಮಂಗೆ ಗೊತ್ತಿರುತ್ತೆ" ಎಂದು ಅದನ್ನು ಇಳಿಸಿ, ಅಂಗಡಿಯ ಗೋಡೆಗೆ ಉರುಳಿಸಿಕೊಂಡು ಹೋಗಿ ಒರಗಿಸಿದ. ಆ ಜಾಗದಲ್ಲಿ ನಾನು ನನ್ನ ಗಂಟು ಇಟ್ಟೆ. ಭಾವನವರಾಗಲೀ ಅಕ್ಕನಾಗಲೀ ನೋಡಲಿಲ್ಲ ಎಂದುಕೊಂಡೆ.

ಮುಕ್ತಿನಾಥ

ಗುಡಿಯ ಹಿಂದೆ ಅರ್ಧಚಂದ್ರಾಕಾರವಾಗಿ ನೂರೆಂಟು ಧಾರೆಗಳು. ಮಂಜು ಕರಗಿದ ನೀರು. ಅದರ ಕೆಳಗೆ ಓಡಿಕೊಂಡು ಹೋಗಬೇಕು. ಮೂರನೇ ಧಾರೆಗೇ ನನ್ನ ತಲೆಯಲ್ಲಿ ಏನೂ ಉಳಿಯಲಿಲ್ಲ, ಬೇಡಿಕೊಳ್ಳಬೇಕೆಂದಿದ್ದೆಲ್ಲ ಮರೆತುಹೋಯಿತು. ಅದೂ ಒಂದು ಉಪಕಾರ ಅಂದುಕೊಂಡೆ.

ಅಕ್ಕ ಓಡಲಿಲ್ಲ. ಮೆಟ್ಟಿಲು ಹತ್ತುವಾಗಲೇ ನಾಲ್ಕು ಕಡೆ ಕೂತಿದ್ದರು. ತಲೆಗೆ ಒಂದಿಷ್ಟು ಚಿಮುಕಿಸಿಕೊಂಡು, "ಸಾಕು ಕಣೇ, ಸಲ್ತದೆ" ಅಂದರು. ನಾನು ಐದೂ ಕ್ಯಾನು ತುಂಬಿದೆ.

ಆ ಸಂಜೆ, ಗುಡಿಯ ಕೆಳಗೆ ತಂಗಿದ್ದಲ್ಲಿ, ಅಕ್ಕನಿಗೆ ತಲೆನೋವು, ಊಟ ಸೇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ವಾಂತಿ. ಮಾತಾಡಿದರೆ ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ತಿಲಕ್ ಒಂದು ಸಲ ನೋಡಿ, "ಎತ್ತರದಲ್ಲಿ ಗಾಳಿ ಸಾಲಲ್ಲ. ಔಷಧಿ ಇಲ್ಲಿ ಇಲ್ಲ, ಕೆಳಗೆ ಇದೆ. ಇಳಿದರೆ ಉಸಿರು ಬರುತ್ತೆ. ಈಗಲೇ ಹೊರಡಬೇಕು" ಅಂದ. ಬೇರೆ ಜೀಪುಗಳಿನ್ನೂ ಎದ್ದಿರಲಿಲ್ಲ. ಅವನೂ ಭಾವನವರೂ ಅಕ್ಕನನ್ನು ಎತ್ತಿ ಕೂರಿಸಿದರು. ಆ ಗಡಿಬಿಡಿಯಲ್ಲೂ ನಾನು ಕ್ಯಾನುಗಳನ್ನು ಮರೆಯಲಿಲ್ಲ.

ಇಳಿಜಾರು

ದಾರಿಯ ಕಾಲು ಭಾಗ ಇಳಿದಿದ್ದೆವು. ಟಾರು ಕಿತ್ತುಹೋಗಿದ್ದ ಒಂದು ತಿರುವಿನಲ್ಲಿ ಧಡ್ ಎಂದಿತು. ಜೀಪು ಬೆಟ್ಟದ ಕಡೆಗೆ ವಾಲಿ ನಿಂತಿತು.

"ಪಂಚರ್ರಾ?" ಭಾವನವರು ಬಾಗಿಲು ತೆಗೆದು ಹಾರಿದರು. "ಬೇಗ ಸ್ಟೆಪ್ನಿ ಹಾಕಯ್ಯಾ! ಇವಳಿಗೆ ಉಸಿರು ಸಿಕ್ತಿಲ್ಲ!"

ತಿಲಕ್ ಅಲ್ಲಾಡಲಿಲ್ಲ. ಒಂದೇ ಒಂದು ಸಲ ನನ್ನ ಕಡೆ ನೋಡಿದ. ಆ ನೋಟದಲ್ಲಿ ಆರೋಪವಿರಲಿಲ್ಲ. ಹೇಳಲೋ ಬೇಡವೋ ಎಂದು ಕೇಳುವ ಹಾಗಿತ್ತು, ಅಷ್ಟೇ. ನಾನು ಅಕ್ಕನ ಬೆನ್ನು ನೀವುತ್ತಿದ್ದೆ. ಕೈ ನಿಂತಿತು. ಮತ್ತೆ ನೀವತೊಡಗಿತು.

"ಇಲ್ಲ ಸಾರ್. ಕಾಗ್‌ಬೇನಿಲಿ ಬಿಟ್ಟೆ."

"ಬಿಟ್ಟೆ? ಯಾಕ್ ಬಿಟ್ಟೆ?"

"ಮರೆತೆ ಸಾರ್."

ಭಾವನವರು ಮೂವತ್ತೈದು ವರ್ಷ ಪಾಠ ಹೇಳಿದವರು, ಎಂದೂ ಯಾರನ್ನೂ ಏಕವಚನದಲ್ಲಿ ಬಯ್ದವರಲ್ಲ. ಅಂದು ಬಯ್ದರು. ಕನ್ನಡದಲ್ಲೂ ಹಿಂದಿಯಲ್ಲೂ ಬಯ್ದರು. "ಮನುಷ್ಯರ ಪ್ರಾಣ ಅಂದ್ರೆ ಏನಂತ ತಿಳ್ದಿದೀಯೋ? ನನ್ ಹೆಂಡ್ತಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ." ತಿಲಕ್ ತಲೆ ತಗ್ಗಿಸಿ ಜ್ಯಾಕು ತೆಗೆದುಕೊಂಡ.

ನಾನು ಬಾಯಿ ತೆರೆಯಲಿಲ್ಲ. ಅಕ್ಕನನ್ನು ನೋಡಿಕೊಳ್ಳುತ್ತಿದ್ದೇನಲ್ಲ, ಈಗ ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಭಾವನವರ ಆ ಮುಖ ನನ್ನ ಕಡೆ ತಿರುಗೀತು ಎಂಬ ಭಯ.

ಮೇಲಕ್ಕೆ ಹೋಗುವ ಜೀಪೊಂದು ಬಂತು, ಯಾತ್ರಿಕರು ತುಂಬಿದ್ದರು. ಅವರ ಪದ್ಧತಿಯಂತೆ ನಿಂತಿತು. ಆ ಡ್ರೈವರ್ ಮರುಮಾತಿಲ್ಲದೆ ತನ್ನ ಸ್ಟೆಪ್ನಿಯನ್ನು ಇಳಿಸಲು ಹೋದ. ನನಗೆ ದೂರದಿಂದಲೇ ಕಂಡಿತು, ಅವನ ಚಕ್ರಕ್ಕೆ ಆರು ನಟ್ಟು, ನಮ್ಮದಕ್ಕೆ ಐದು. ಕೂರುವುದೇ ಇಲ್ಲ. ಅಷ್ಟೆಲ್ಲ ತಿಳಿದವಳು ನಾನು. ಅವನು ತನ್ನಲ್ಲಿದ್ದ ಪಂಚರ್ ಎಳೆಗಳನ್ನು ಕೊಟ್ಟು ಹೋದ. ಕಾಗ್‌ಬೇನಿಗೆ ಫೋನು ಮಾಡೋಣವೆಂದರೆ ಆ ಬೆಟ್ಟದ ಮರೆಯಲ್ಲಿ ಫೋನು ಹತ್ತಲಿಲ್ಲ.

ಟೈರಿನ ಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು. ಬದಿ ಸೀಳಿದ ಟೈರನ್ನು ನಮ್ಮ ಯಜಮಾನರು ಮುಟ್ಟುವುದಿಲ್ಲ, ಎಸೆಯಿರಿ ಅನ್ನುತ್ತಾರೆ. ತಿಲಕ್ ಅದಕ್ಕೆ ಅಂಟು ಬಳಿದ ರಬ್ಬರ್ ಎಳೆಗಳನ್ನು ಒಂದರ ಪಕ್ಕ ಒಂದು ತುರುಕಿದ. ಬ್ಯಾಟರಿಗೆ ಪಂಪು ಸಿಕ್ಕಿಸಿ ಗಾಳಿ ತುಂಬಿದ. ಆದರೂ ಟೈರು ಕಣ್ಣೆದುರೇ ಕುಗ್ಗಿತು. ಇನ್ನೊಂದು ತೂತು ಎಲ್ಲೋ ಇತ್ತು. ಉಗುಳು ಸವರಿ ಹುಡುಕಿದ. ಸಿಗಲಿಲ್ಲ.

"ಅಮ್ಮ, ನೀರು."

ಕುಡಿಯುವ ಬಾಟಲಿ ಅಕ್ಕನ ಬಾಯಿ ತೊಳೆಯುವುದರಲ್ಲಿ ಮುಗಿದಿತ್ತು. ಹೊಳೆ ಎಲ್ಲೋ ಪಾತಾಳದಲ್ಲಿ ಗೆರೆಯ ಹಾಗೆ ಕಾಣುತ್ತಿತ್ತು. ಜೀಪಿನಲ್ಲಿ ಐದು ಕ್ಯಾನು ನೀರಿತ್ತು.

"ಅದು ತೀರ್ಥ ಕಣಪ್ಪಾ" ಅಂದೆ.

ಹೌದು, ಹಾಗೆಂದೆ. ಒಂದು ಕ್ಯಾನು ಹೋದರೆ ಯಾವ ಮನೆಗಳಿಗೆ ಸಾಲದು ಎಂದು ಆ ಹೊತ್ತಿನಲ್ಲೂ ಮನಸ್ಸು ಎಣಿಸಿತು. ಪಕ್ಕದಲ್ಲಿ ಅಕ್ಕನ ಉಸಿರು ಸೀಟಿ ಹೊಡೆಯುತ್ತಿತ್ತು. ಅವರು ಮುಂದಿನ ಸೀಟಿಗೆ ಹಣೆ ಆನಿಸಿದ್ದವರು ಕತ್ತು ತಿರುಗಿಸಿ ನನ್ನನ್ನು ನೋಡಿ, ಇದ್ದ ಒಂದು ಉಸಿರಿನಲ್ಲಿ ಅಂದರು:

"ಸುರಿಯೇ."

ನಾನೇ ಇಳಿದು ಸುರಿದೆ. ತಿಲಕ್ ಚಕ್ರ ತಿರುಗಿಸುತ್ತಾ ಹೋದ, ನಾನು ಸುರಿಯುತ್ತಾ ಹೋದೆ. ಕ್ಯಾನು ಅರ್ಧವಾದಾಗ ಹಲ್ಲುಗಳ ನಡುವೆ, ಒಲೆಯ ಮೇಲೆ ಸಂಡಿಗೆ ಹಿಟ್ಟು ಕುದಿಯುವಾಗ ಏಳುವಂಥ ಸಣ್ಣ ಗುಳ್ಳೆಗಳು ಎದ್ದವು. ತಂತಿಯ ಒಂದು ಚೂರು. ಅವನು ಅದನ್ನು ಕಿತ್ತು ಎಳೆ ತುರುಕಿದ. ಮೇಲೆ ಕೈಯಿಟ್ಟು ಏನೋ ಹೇಳಿಕೊಂಡ, ಪ್ರಾರ್ಥನೆಯಿರಬೇಕು. ನನಗೆ ಪ್ರಾರ್ಥನೆ ಬರಲಿಲ್ಲ.

ನಡೆಯುವವರ ವೇಗದಲ್ಲಿ ಇಳಿದೆವು. ಸ್ವಲ್ಪ ದೂರಕ್ಕೊಮ್ಮೆ ನಿಂತು ಗಾಳಿ ತುಂಬಬೇಕು. ಪ್ರತಿ ಸಲ ಪಂಪು ಗುಂಯ್‌ಗುಡುವಾಗ ಭಾವನವರು ಕೈಗಡಿಯಾರ ನೋಡುತ್ತಿದ್ದರು. ಅಕ್ಕ ಕಣ್ಣು ಮುಚ್ಚಿದರೆ ನಾನು ಅವರ ಕೆನ್ನೆ ತಟ್ಟುತ್ತಿದ್ದೆ. "ಮಲಗ್ಬೇಡಿ ಅಕ್ಕ, ಮಾತಾಡಿ." "ಏನ್ ಮಾತಾಡ್ಲೇ" ಎಂದು ತುಟಿ ಮಾತ್ರ ಅಲುಗುತ್ತಿತ್ತು. ಅರ್ಧ ಗಂಟೆಯ ದಾರಿ ಎರಡು ಗಂಟೆಗೂ ಮಿಕ್ಕಿತು. ಕಾಗ್‌ಬೇನಿಯ ಟೀ ಅಂಗಡಿ ಕಂಡಿತು. ಗೋಡೆಗೆ ಒರಗಿಸಿದಲ್ಲೇ ಇತ್ತು ಸ್ಟೆಪ್ನಿ. ಅಂಗಡಿಯಾಕೆ ಅದರ ಮೇಲೆ ಧೂಳು ಬೀಳದಿರಲೆಂದು ಒಂದು ಚೀಲ ಹೊದಿಸಿದ್ದಳು.

ಜೋಮ್‌ಸೋಮ್

ಟೀ ಅಂಗಡಿಯ ಮುಂದೆಯೇ ಸ್ಟೆಪ್ನಿ ಹಾಕಿ ನೇರ ಆಸ್ಪತ್ರೆಗೆ ಬಂದೆವು. ಅಕ್ಕನ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಭಾವನವರಿಗೆ ಹೇಳಿದ್ದು ನನಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ತುಟಿಯ ನೇರಳೆ ಇಳಿಯಿತು. ಆ ಊರಿನಲ್ಲಿ ದಿನಾ ಮಧ್ಯಾಹ್ನಕ್ಕೆ ಒಂದು ಗಾಳಿ ಏಳುತ್ತದೆ, ತಗಡು ಹಾರುವಂಥ ಗಾಳಿ. ಅದು ಕಿಟಕಿ ಬಡಿಯುವಾಗ ಅಕ್ಕ ಕಣ್ಣು ಬಿಟ್ಟು, "ಒಂಚೂರು ಅನ್ನ ತಿಳಿಸಾರು ಮಾಡ್ತಾರಾ ಕೇಳೇ" ಅಂದರು. ನಾನು ಹೊರಗೆ ಬಂದು ಗೋಡೆಗೆ ಮುಖವಿಟ್ಟು ಅತ್ತೆ.

ಹೊರಗೆ ತಿಲಕ್ ಸ್ಟೆಪ್ನಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ಮುಗಿಸಿದ್ದ. ಅವನ ಹತ್ತಿರ ಹೋಗಿ ನಿಂತೆ.

"ಯಾಕಪ್ಪಾ ಹಂಗ್ ಹೇಳ್ದೆ?"

"ಸಾರ್ ಆಗ ತುಂಬಾ ಬಿಸಿ ಇದ್ರು ಅಮ್ಮ. ನಿಮ್ಮ ಮನೆ ಜಗಳ ದಾರಿಯಲ್ಲಿ ಬೇಡ" ಅಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಊರಿಗೆ ಹೋಗಿ ನೀವು ಹೇಳ್ತೀರಲ್ಲಾ" ಅಂದ. ಕೇಳಲಿಲ್ಲ, ಹೇಳಿದ. ನಾನು ಹೇಳುತ್ತೇನೆ ಎಂದು ನಂಬಿದ್ದ.

ಆ ರಾತ್ರಿ ಉಪಕಾರಗಳನ್ನು ಎಣಿಸಲು ಕೂತೆ. ಜೀಪು ಪ್ರಪಾತದ ಕಡೆ ವಾಲದೆ ಬೆಟ್ಟದ ಕಡೆ ವಾಲಿತು, ಒಂದು. ಮುಂದಿನ ಗೆಣ್ಣಿಗೆ ಹೆಬ್ಬೆರಳು ಸರಿಯಲಿಲ್ಲ.

ಮತ್ತೆ ಪೊಖರಾ

ಜೀಪಿನ ಮಾಲೀಕರ ಕಚೇರಿಗೆ ಭಾವನವರು ನೇರವಾಗಿ ನಡೆದರು. ನಾನು ಹಿಂದೆಯೇ ಹೋದೆ, ಕೈಯಲ್ಲೊಂದು ಕ್ಯಾನು. ಭಾವನವರು ಇದ್ದದ್ದನ್ನು ಇದ್ದಂತೆ, ತಮಗೆ ತಿಳಿದಷ್ಟನ್ನು ಹೇಳಿದರು. ಒಂದು ಮಾತು ಹೆಚ್ಚಿಲ್ಲ. ಮಾಲೀಕರು ತಿಲಕ್ಕನನ್ನು ಅವನ ಭಾಷೆಯಲ್ಲಿ ಏನೋ ಕೇಳಿದರು. ಅವನು ಹೂಂ ಅಂದ. ಅವರು ಅಂಗೈ ಚಾಚಿದರು. ತಿಲಕ್ ಜೇಬಿನಿಂದ ಜೀಪಿನ ಬೀಗದ ಕೈ ತೆಗೆದು, ಅದಕ್ಕೆ ಕಟ್ಟಿದ್ದ ಸಣ್ಣ ಗಂಟೆಯನ್ನು ಬಿಚ್ಚಿಕೊಂಡು, ಬೀಗದ ಕೈಯನ್ನು ಮಾತ್ರ ಅವರ ಅಂಗೈಯಲ್ಲಿಟ್ಟ.

ನನಗೂ ಅವನಿಗೂ ನಡುವೆ ಐದು ಹೆಜ್ಜೆ. ಈಗ ಹೇಳು, ಈಗ ಹೇಳು ಎಂದು ಒಳಗೆ ಹೊಡೆದುಕೊಳ್ಳುತ್ತಿತ್ತು. ಕ್ಯಾನು ಭಾರವಾಯಿತೆಂದು ಇನ್ನೊಂದು ಕೈಗೆ ಬದಲಿಸಿಕೊಂಡೆ. ನಾನು ಮಾಡಿದ್ದು ಅಷ್ಟೇ.

ತರೀಕೆರೆ

ನಾಲ್ಕೂವರೆ ಕ್ಯಾನು ತೀರ್ಥ ಎಲ್ಲರಿಗೂ ಸಾಲಿತು. ಮಿಕ್ಕಿತು ಕೂಡ. ಒಬ್ಬೊಬ್ಬರೂ ಕಣ್ಣಿಗೊತ್ತಿಕೊಂಡು, "ಪುಣ್ಯವಂತೆ ಕಣಮ್ಮಾ ನೀನು" ಅಂದರು.

ಯಜಮಾನರಿಗೆ ಭಾವನವರು ಫೋನಿನಲ್ಲಿ ಎಲ್ಲ ಹೇಳಿದ್ದರು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದರೆ ದಿನಾ ಅದೇ ಮಾತು. "ಸ್ಟೆಪ್ನಿ ಯಾಕ್ ಸಾವ್ಕಾರ್ರೆ, ಜಾಗ ಹಿಡೀತದೆ" ಎಂದು ಯಾವನಾದರೂ ಅಂದರೆ ಸಾಕು, "ನಮ್ ಮನೆಯವ್ರನ್ನ ಕೇಳಯ್ಯಾ. ನೇಪಾಳದಲ್ಲಿ ಒಬ್ಬ ಬೇಜವಾಬ್ದಾರಿ ಡ್ರೈವರ್ ಸ್ಟೆಪ್ನಿ ಮರ್ತು ಬಂದು ನಮ್ಮಕ್ಕನ ಜೀವಾನೇ ತೆಗೀತಿದ್ದ" ಎಂದು ಶುರು ಮಾಡುತ್ತಿದ್ದರು. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. ನಾನು ಡಬ್ಬಿ ಇಟ್ಟು ಬರುತ್ತಿದ್ದೆ. ಹೀಗೆ ಮೂರು ವಾರ.

ಒಂದು ಭಾನುವಾರ ಮನೆಯಲ್ಲಿ ಅನ್ನ ಬಡಿಸುವಾಗ ಅವರು ಮತ್ತೆ ಆ ಮಾತು ತೆಗೆದರು. ಸೌಟು ಕೆಳಗಿಟ್ಟೆ.

"ಅವ್ನು ಮರೀಲಿಲ್ಲ ರೀ. ನಾನು ಇಳಿಸ್ದೆ."

ಎಲ್ಲ ಹೇಳಿದೆ. ರೊಟ್ಟಿ ಗಂಟು, ದೇವರ ಬುಟ್ಟಿ, ನಾನಾಡಿದ ಮಾತು. ಅವರು ಕಲಸುವುದನ್ನು ನಿಲ್ಲಿಸಿದರು.

"ನಾನ್ ಹೇಳಿದ್ ಮೂರೂ ನೋಡಿದ್ಯಾ?"

"ನೋಡಿದ್ದೆ."

"ನೋಡಿ ಇಳಿಸ್ದ್ಯಾ?"

"ಹೂಂ."

ಬಯ್ಯಲಿಲ್ಲ. ಕೈ ತೊಳೆದುಕೊಂಡರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. "ಮೊದ್ಲು ಅಕ್ಕಂಗೆ ಹೇಳು" ಅಂದರು.

ಆಗಲೇ ಕಡೂರಿಗೆ ಫೋನು ಮಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು. ನಾನು ಅಳುವುದು ನಿಲ್ಲಿಸುವವರೆಗೂ ಕಾದರು.

"ಹೋಗ್ತಾ ಆ ಟೈರು ನನ್ ಸೀಟಿನ ಬೆನ್ನಿಗೆ ಗುದ್ದುತಾ ಇತ್ತು. ಕಾಗ್‌ಬೇನಿ ಆದ್ಮೇಲೆ ಗುದ್ಲಿಲ್ಲ, ಮೆತ್ತಗೆ ನಿನ್ ಗಂಟು ತಾಗ್ತಿತ್ತು. ಗೊತ್ತಾಗದೆ 	ಇರ್ತದೇನೇ? ನೀನೇ ಹೇಳ್ತೀಯಾ ಅಂತ ಪೊಖರಾದಲ್ಲಿ ಕಾದೆ. ರೈಲಲ್ಲೂ ಕಾದೆ. ಕಡೂರಲ್ಲಿ ಇಳಿಯೋವರ್ಗೂ ಕಾದೆ."

"ನೀವ್ಯಾಕೆ ಹೇಳ್ಲಿಲ್ಲ ಅಕ್ಕ?"

"ಅದೇ ಕಣೇ. ನಾನೂ ಹೇಳ್ಲಿಲ್ಲ. ಮನೆ ಮರ್ಯಾದೆ ಅಂದ್ಕೊಂಡೆ. ಅವನಿಗೂ ಒಂದು ಮನೆ ಇರ್ತದೆ ಅನ್ನೋದು ಹೊಳೀಲಿಲ್ಲ." ಆಮೇಲೆ ಭಾವನವರನ್ನು ಕೂಗಿ ತಿಲಕ್ಕನ ನಂಬರು ಕೇಳಿದರು. ಭಾವನವರು ಅಂಕಿಗಳನ್ನು ಮಾತ್ರ ಹೇಳಿದರು. ನನ್ನ ಜೊತೆ ಬೇರೇನೂ ಮಾತಾಡಲಿಲ್ಲ. ಮಾಲೀಕರಿಗೆ ತಾವೇ ಪತ್ರ ಬರೆಯುವುದಾಗಿ ಅಕ್ಕನ ಮೂಲಕ ಹೇಳಿಸಿದರು.

ಆ ನಂಬರು ಒತ್ತಿ, ಫೋನನ್ನು ಊಟದ ಮಣೆಯ ಮೇಲಿಟ್ಟು ಯಜಮಾನರಿಗೂ ನನಗೂ ಕೇಳುವಂತೆ ಮಾಡಿ ಕೂತೆವು. ಮೂರನೇ ಸಲಕ್ಕೆ ತಿಲಕ್ ಎತ್ತಿದ.

"ಅಮ್ಮಾ! ಮೆಕ್ಯಾನಿಕ್ ಅಮ್ಮ! ಅಕ್ಕ ಚೆನ್ನಾಗಿದಾರಾ?"

ಮೊದಲ ಮಾತೇ ಅದು. ಎಲ್ಲರಿಗೂ ಹೇಳಿದೆ ಕಣಪ್ಪಾ, ತಡವಾಗಿ ಹೇಳಿದೆ, ನಿನ್ನ ಮಾಲೀಕರಿಗೂ ಪತ್ರ ಬರುತ್ತದೆ ಅಂದೆ.

"ಆ ಜೀಪಿಗೆ ಬೇರೆ ಡ್ರೈವರ್ ಬಂದಾಯ್ತು ಅಮ್ಮ. ನಾನು ಈಗ ಇನ್ನೊಬ್ಬರ ಗಾಡಿ. ಹಳೇದು. ಅದೇ ದಾರಿ."

"ಅದ್ರಲ್ಲಿ ಸ್ಟೆಪ್ನಿ ಐತಾ?"

"ಇದೆ ಅಮ್ಮ." ಆಮೇಲೆ ಅಂದ: "ಸೈಜ್ ಬೇರೆ."

ನಾನು ಯಜಮಾನರ ಮುಖ ನೋಡಲಿಲ್ಲ. ಅವರು ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಹಿಂದುಮುಂದು ಮಾಡಿ ಮಣೆಯ ಮೇಲಿಟ್ಟುಕೊಂಡರು. ಜೇಬಿನಿಂದ ಪೆನ್ನು ತೆಗೆದರು.

"ನಾಲ್ಕು ಚಕ್ರದ್ದು ಎಷ್ಟೈತೆ ಕೇಳು" ಅಂದರು. "ನಟ್ ಎಷ್ಟು, ಅದ್ನೂ ಕೇಳು."

ಅವನು ಅಲ್ಲಿಂದ ಒಂದೊಂದೇ ಅಂಕಿ ಹೇಳಿದ. ನಾನು ಇಲ್ಲಿ ಅದನ್ನು ತಿರುಗಿ ಹೇಳಿದೆ. ಯಜಮಾನರು ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ಪೊಖರಾದಲ್ಲಿ ಯಾರ ಅಂಗಡಿಯಲ್ಲಿ ಈ ಸೈಜು ಸಿಗುತ್ತದೋ ವಿಚಾರಿಸುತ್ತೇನೆ ಎಂದು ಎದ್ದರು. ಬಾಗಿಲ ಹತ್ತಿರ ನಿಂತು, "ನಾಳೆ ಅಂಗಡೀಲಿ ಆ ಕಥೆ ನಾನು ಹೇಳಲ್ಲ. ಹೇಳೋದಾದ್ರೆ ನೀನೇ ಬಂದು ಹೇಳು" ಅಂದರು.

ಹೇಳುತ್ತೇನೆ. ಇದನ್ನು ಬರೆದಿದ್ದೂ ಅದಕ್ಕೆ, ಬರೆದ ಮೇಲೆ ಬಾಯಿ ಬರಬಹುದೆಂದು.

ಅಂದು ಫೋನಿಟ್ಟಾಗ ಬಿಸಿಲು ಇನ್ನೂ ಇತ್ತು. ಹೊರಡುವ ಮೊದಲು ಅರ್ಧಕ್ಕೆ ಬಿಟ್ಟ ಸಂಡಿಗೆಯ ಅಕ್ಕಿ ಹಾಗೇ ಉಳಿದಿತ್ತು, ಬೆಳಿಗ್ಗೆ ಹಿಟ್ಟು ಮಾಡಿ ಕಾಸಿಟ್ಟಿದ್ದೆ. ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ತಾರಸಿಗೆ ಹೋದೆ. ಪಂಚೆ ಹಾಸಿದೆ. ಮೂಲೆಯಲ್ಲಿ ಬಿದ್ದಿದ್ದ ಟೈರ್ ತುಂಡುಗಳನ್ನು ತಂದು, ಎಷ್ಟೋ ವರ್ಷದಿಂದ ಇಡುವ ಹಾಗೆ, ತಿನ್ನುವ ಪದಾರ್ಥದ ಪಕ್ಕದಲ್ಲೇ, ನಾಲ್ಕು ಮೂಲೆಗೆ ನಾಲ್ಕು ಇಟ್ಟೆ. ಐದನೆಯದೊಂದು ಇತ್ತು. ಅದನ್ನೂ ಕೈಗೆ ಸಿಗುವಂತೆ ಹತ್ತಿರ ಇಟ್ಟುಕೊಂಡು, ಸೌಟು ಅದ್ದಿದೆ.